ಗಾಡಿಯ ಬಾಡಿಗೆ, ಬಸ್ಸಿನ ದರ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ, ಸಾಗರ ತಾಲ್ಲೂಕುಗಳ ಸೀಮೆಯು ಕನ್ನಡನಾಡಿನ ಈಚಿನ ಚರಿತ್ರೆಯಲ್ಲಿ ಎರಡು ವ್ಯಾಜ್ಯಗಳಿಂದ ಹೆಸರಾಗಿದೆ. 1942ರಲ್ಲಿ ಈಸೂರಿನ ರೈತರು, ತಮ್ಮ ಸಮ್ಮತಿಯನ್ನು ಕೇಳದ ಸರ್ಕಾರಕ್ಕೆ ಕಂದಾಯ ಕೊಡಲೊಲ್ಲೆವೆಂದು ಎದುರು ನಿಂತುದು ಒಂದು. 1951ರಲ್ಲಿ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಭೂಮಾಲಿಕರು ಹಿಡಿಯುತ್ತಿದ್ದ ದೊಡ್ಡ ಕೊಳಗವನ್ನು ಒಪ್ಪೆವೆಂದು ಹಟ ಹಿಡಿದುದು ಇನ್ನೊಂದು. ತೆರಬೇಕಾದುದನ್ನು ಗೊತ್ತುಮಾಡುವ ಅಧಿಕಾರ ಯಾರದು ಎಂಬುದು ಮೊದಲನೆಯ ವ್ಯಾಜ್ಯದ ಮೂಲ; ಅದನ್ನು ಅಳೆಯುವ ಮಾನ ಯಾವುದು ಎಂಬುದು ಎರಡನೆಯದರ ಮೂಲ. ಈ ಎರಡು ಪ್ರಶ್ನೆಗಳನ್ನು ಕೇಳದೆ ಯಾವ ತೆರಿಗೆಯ ನ್ಯಾಯಾನ್ಯಾಯವನ್ನೂ ನಿರ್ಣಯಿಸಲಾಗದೆಂಬುದನ್ನು ಈ ನೆಲದ ಜನ ತಮ್ಮ ಕಷ್ಟದಿಂದಲೇ ಲೋಕಕ್ಕೆ ತೋರಿಸಿಕೊಟ್ಟರು.

ಬಡವನು ದಿನದಿನವೂ ತೆರುವ ತೆರಿಗೆಗಳಲ್ಲಿ, ಯಾವ ಸರ್ಕಾರದ ಲೆಕ್ಕದಲ್ಲಿಯೂ ತೆರಿಗೆಯೆಂದು ಬರೆಯಲ್ಪಡದಿದ್ದರೂ ತಪ್ಪಿಸಿಕೊಳ್ಳಲಾಗದಂಥದೊಂದು ಇದೆ. ಅದು ಪ್ರಯಾಣದ ದರ. ಸಂತೆಗೆ ಹೋಗಬೇಕು, ಶಾಲೆಗೆ ಹೋಗಬೇಕು, ಕೋರ್ಟು ಕಚೇರಿಗಳಿಗೆ ಅಲೆಯಬೇಕು, ಆಸ್ಪತ್ರೆಗೆ ಓಡಬೇಕು. ಹೋಗದೆ ಇದ್ದರೆ ಬಾಳು ನಿಲ್ಲುತ್ತದೆ. ಬೆಂಗಳೂರಿನಂಥ ಮಹಾನಗರದಲ್ಲಿ ಮೊಬೈಲಿನ ಮೂಲಕ ಕಾರನ್ನೋ ಆಟೋವನ್ನೋ ಕರೆಯುವುದು ಮೇಲೋ, ಬಸ್ಸು ಮೆಟ್ರೋಗಳನ್ನು ಹಿಡಿಯುವುದು ಮೇಲೋ ಎಂಬ ಲೆಕ್ಕಾಚಾರವು ಇಂದು ಮನೆಮನೆಯಲ್ಲಿಯೂ ನಡೆಯುತ್ತಿದೆ. ಅದನ್ನು ಹೊಸ ಕಾಲದ ಹೊಸ ಪ್ರಶ್ನೆಯೆಂದು ಭಾವಿಸುವವರು ಬಹಳ. ಆದರೆ ಈಸೂರಿನಂಥ ಗ್ರಾಮದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆದರೆ, ಇಡೀ ಗಾಡಿಯನ್ನು ಬಾಡಿಗೆಗೆ ಹಿಡಿಯುವ ರೂಢಿಯೂ, ಹತ್ತು ಜನರ ನಡುವೆ ಒಂದು ಆಸನಕ್ಕಷ್ಟೇ ಕಾಸು ಕೊಡುವ ರೂಢಿಯೂ ಬಹು ಹಿಂದಿನಿಂದ ಜೊತೆಜೊತೆಯಾಗಿ ಬಂದಿರುವುದು ಕಾಣುತ್ತದೆ.

ಈಸೂರು ಕುಮುದ್ವತೀ ನದಿಯ ಬಯಲಿನ ಊರು. ಇದು ಪ್ರಾಚೀನವಾದ ಬನವಾಸಿ ಪನ್ನಿರ್ಚ್ಛಾಸಿರದ ಒಳನಾಡು; ಅದರ ರಾಜಧಾನಿಯಾಗಿ ಮೆರೆದ ಬಳ್ಳಿಗಾವಿಯೂ, ಕದಂಬರ ಶಾಸನಸ್ತಂಭವಿರುವ ತಾಳಗುಂದವೂ ಇದೇ ಶಿಕಾರಿಪುರ ತಾಲ್ಲೂಕಿಗೆ ಸೇರಿದುವು. ಈ ಸೀಮೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆಮತ್ತೆ ಬರುತ್ತದೆ. ಎತ್ತಿನ ಬೆನ್ನಿನ ಮೇಲೆ ಹೇರು ಹೊರಿಸಿ ಸಾಗುತ್ತಿದ್ದ ವರ್ತಕನಿಗೆ ದಾರಿಯ ವೆಚ್ಚವೆಂದರೆ ಮುಖ್ಯವಾಗಿ ಈ ಸುಂಕಗಳೇ. ಸರಕಿಲ್ಲದ ಪ್ರಯಾಣಿಕನಿಗಾದರೋ ಕಾಲೇ ವಾಹನ. ಅವನ ಪ್ರಯಾಣದ ವೆಚ್ಚವನ್ನು ಧರ್ಮವು ವಹಿಸಿಕೊಳ್ಳುತ್ತಿತ್ತು. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ದೀನರಿಗೂ ಅನಾಥರಿಗೂ ಅಂಗವಿಕಲರಿಗೂ ದೇಶದೇಶಗಳಿಂದ ಬಂದ ಭಿಕ್ಷುಕರಿಗೂ ಅನ್ನದಾನ ನಡೆಯುತ್ತಿದ್ದುದನ್ನೂ, ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ದಾರಿ ನಡೆಯುವವನ ಭಾರದಲ್ಲಿ ಒಂದು ಪಾಲನ್ನು ಸಮಾಜವು ಹೊರಬೇಕೆಂಬ ಭಾವನೆಯು ಈ ನೆಲದಲ್ಲಿ ಎಂಟುನೂರು ವರ್ಷಗಳಿಗೂ ಹಿಂದಿನದು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ಮೇಲೆ ಹಾದುಹೋದಾಗಲೂ ಈ ಪ್ರಾಂತದ ವ್ಯಾಪಾರವು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನನ್ನೇ ನಂಬಿತ್ತು. ಗಾಡಿ ಹೋಗಬಲ್ಲ ರಸ್ತೆಗಳು ವ್ಯಾಪಕವಾಗಿ ಬಂದುದು, ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಳ್ವಿಕೆಗೆ ಸೇರಿದ ಮೇಲೆ; ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸಂಸ್ಥಾನದಲ್ಲೆಲ್ಲ ಸುಮಾರು 1,600 ಮೈಲಿಗಳಷ್ಟು ರಸ್ತೆ ನಿರ್ಮಾಣವಾಯಿತು. ರಸ್ತೆ ಬಂದಂತೆ ಗಾಡಿ ಬಂತು. ಗಾಡಿ ಬಂದಂತೆ ಬಾಡಿಗೆ ಬಂತು.

ಎತ್ತಿನ ಗಾಡಿಯ ಬಾಡಿಗೆಯೆಂಬುದು ಹೇಗಿತ್ತೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೂರದ ಪ್ರಯಾಣಕ್ಕೆ ಹೊರಡುವ ಗಾಡಿಗೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಒಣಹುಲ್ಲು ಹರಡಿ ಅದರ ಮೇಲೆ ಜಮಖಾನೆ ಹಾಸುವರು. ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿಯನ್ನು ಬಿಗಿದು ನೋಡಿ, ಗಾಡಿಯ ಕೆಳಗೆ ಕಂದೀಲು ತೂಗುಹಾಕುವರು. ಬಿಸಿಲೇರುವ ಮುನ್ನ ಬಹಳ ದೂರ ಸಾಗಬೇಕಾದುದರಿಂದ ಹೊರಡುವುದು ಬೆಳಗಿನ ಜಾವದಲ್ಲಿ. ಗಂಟೆಗೆ ಎರಡು ಎರಡೂವರೆ ಮೈಲಿಗಿಂತ ಹೆಚ್ಚು ಸಾಗದ ಎತ್ತುಗಳಿಗೆ, ಶಿಕಾರಿಪುರದಿಂದ ಶಿವಮೊಗ್ಗದವರೆಗಿನ ಸುಮಾರು ಮೂವತ್ತು ಮೈಲಿಯ ದಾರಿಯು ನಡುವೆ ಒಂದು ರಾತ್ರಿ ಬೀಡು ಬಿಡಬೇಕಾದ ಪಯಣ. ಬಾಡಿಗೆಯಲ್ಲಿ ಗಾಡಿ ಹೊಡೆಯುವವನ ಊಟವೂ ಎತ್ತುಗಳ ಹುಲ್ಲು ಹಿಂಡಿಯೂ ಸೇರಬೇಕು. ಹಿಂತಿರುಗುವಾಗ ಗಾಡಿ ಬರಿದಾಗಿ ಬರುವುದಾದರೆ ಅದರ ಹೊರೆಯೂ ಬಾಡಿಗೆ ಹಿಡಿದವನದೇ. ಮುಂಗಾರಿನ ಬಿತ್ತನೆಯಲ್ಲಿ ಎತ್ತುಗಳಿಗೆ ಬಿಡುವಿಲ್ಲ, ಆಗ ಬಾಡಿಗೆ ಏರುತ್ತದೆ. ಸುಗ್ಗಿ ಮುಗಿದ ಮೇಲೆ ಇಳಿಯುತ್ತದೆ. ದಾರಿ ಕೆಸರಾದರೆ ಒಂದು ಮಾತು, ಹೊಳೆ ತುಂಬಿದ್ದರೆ ಮತ್ತೊಂದು ಮಾತು. ಬೇಡಿಕೆಯನ್ನು ನೋಡಿ ದರವನ್ನು ಏರಿಸುವ ವಿದ್ಯೆಯನ್ನು ಇಂದಿನ ಕಂಪನಿಗಳು ಕಂಡುಹಿಡಿದವೆಂದು ಹೇಳುವವರು ಈ ಬಾಡಿಗೆಯ ಮಾತುಕತೆಯನ್ನು ನೆನೆಯಬೇಕು.

ಆದರೆ ಆ ಮಾತುಕತೆಗೆ ಒಂದು ಮೇರೆಯಿತ್ತು. ಕೇಳುವವನೂ ಕೊಡುವವನೂ ಒಂದೇ ಊರಿನವರು. ಇಂದು ಹೆಚ್ಚು ಕಿತ್ತುಕೊಂಡವನು ನಾಳೆ ಅವರ ಮುಖವನ್ನೇ ನೋಡಬೇಕು. ಹೆರಿಗೆಯ ನೋವಿಗೋ ಹಾವು ಕಚ್ಚಿದವನಿಗೋ ನಡುರಾತ್ರಿಯಲ್ಲಿ ಗಾಡಿ ಕಟ್ಟಿದರೆ ಬಾಡಿಗೆಯ ಮಾತೆತ್ತುವುದು ಮರ್ಯಾದೆಯಾಗಿರಲಿಲ್ಲ. ಮದುವೆಯ ದಿಬ್ಬಣಕ್ಕೆ ಕೊಟ್ಟ ಗಾಡಿಗೆ ಪ್ರತಿಯಾಗಿ ಮುಂದೊಂದು ದಿನ ಮುಯ್ಯಿ ತೀರುತ್ತಿತ್ತು. ಸಂತೆಗೂ, ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರಿಗೂ, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೂ ಹೊರಟ ಗಾಡಿಯಲ್ಲಿ ನಾಲ್ಕು ಮನೆಯವರು ಹಂಚಿಕೊಂಡು ಕೂರುವ ವಾಡಿಕೆಯೂ ಇತ್ತು. ಬಾಡಿಗೆಯ ದರಕ್ಕೆ ಕಾನೂನಿನ ಕಟ್ಟು ಇಲ್ಲದಿದ್ದರೂ ಊರಿನ ಕಣ್ಣು ಇತ್ತು.

ಊರು ದೊಡ್ಡದಾಗಿ, ಬಾಡಿಗೆಗೆ ಕೇಳುವವನಿಗೆ ಗಾಡಿಯವನು ಅಪರಿಚಿತನಾದ ಕಡೆಯಲ್ಲಿ, ಊರಿನ ಕಣ್ಣಿನ ಬದಲು ರಾಜ್ಯದ ಕಟ್ಟಳೆ ಬರಬೇಕಾಗುತ್ತದೆ. ಈ ವಿವೇಕವೂ ಹಳೆಯದೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವು ದೋಣಿ ದಾಟುವ ದರಗಳನ್ನು ಒಂದೊಂದಾಗಿ ವಿಧಿಸಿದೆ: ಹೊರೆ ಹೊತ್ತ ಮನುಷ್ಯನಿಗೂ ಸಣ್ಣ ಪಶುವಿಗೂ ಒಂದು ಮಾಷಕ, ತಲೆಹೊರೆಗೂ ಆಕಳಿಗೂ ಕುದುರೆಗೂ ಎರಡು, ಒಂಟೆಗೂ ಎಮ್ಮೆಗೂ ನಾಲ್ಕು, ಲಘುವಾದ ಬಂಡಿಗೆ ಐದು, ದೊಡ್ಡ ಬಂಡಿಗೆ ಏಳು, ಮಹಾನದಿಗಳಲ್ಲಿ ಇದರ ಎರಡರಷ್ಟು. ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಮೊದಲಾದವರಿಗೆ ಅಧ್ಯಕ್ಷನ ಮುದ್ರೆಯಿದ್ದರೆ ದರವೇ ಇಲ್ಲ. ದರವು ಮೊದಲೇ ಗೊತ್ತಾಗಿರಬೇಕು, ಅದರ ಏರಿಳಿತಕ್ಕೆ ಕಾರಣ ಪ್ರಕಟವಾಗಿರಬೇಕು, ಶಕ್ತಿಯಿಲ್ಲದವರಿಗೆ ವಿನಾಯಿತಿ ಇರಬೇಕು ಎಂಬ ಮೂರು ಸೂತ್ರಗಳೂ ಅಲ್ಲಿವೆ.

ಇನ್ನು ಎರಡನೆಯ ರೂಢಿಯಾದ ಆಸನದ ದರದ ಮಾತು. ಆಸನಕ್ಕಿಷ್ಟೆಂದು ದರ ಕಟ್ಟಿ, ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ಜನ ಬರಲಿ ಬಾರದಿರಲಿ ಗಾಡಿ ಓಡಿಸುವ ಪ್ರಯೋಗವು ನಗರದೊಳಗೆ ಮೊದಲು ನಡೆದುದು 1662ರಲ್ಲಿ, ಪ್ಯಾರಿಸ್ಸಿನಲ್ಲಿ. ಅದರ ಯೋಜಕನು ಗಣಿತಜ್ಞನೂ ತತ್ತ್ವಚಿಂತಕನೂ ಆದ ಬ್ಲೇಸ್ ಪಾಸ್ಕಲ್. ಒಂದು ಆಸನಕ್ಕೆ ಐದು ಸೋಲ್ ಎಂಬ ಒಂದೇ ದರ. ಆದರೆ ಸೈನಿಕರೂ ಸೇವಕರೂ ಕೂಲಿಗಳೂ ಆ ಗಾಡಿಗಳನ್ನು ಏರಕೂಡದೆಂದು ಅಲ್ಲಿನ ನ್ಯಾಯಾಧಿಕರಣವು ನಿರ್ಬಂಧ ಹಾಕಿತು. ಕಾಲಕ್ರಮದಲ್ಲಿ ಆ ಸೇವೆ ನಿಂತುಹೋಯಿತು. ದರ ಎಷ್ಟು ನಿಶ್ಚಿತವಾಗಿದ್ದರೇನು, ಬಡವನನ್ನು ಹೊರಗಿಟ್ಟ ವಾಹನವು ಸಾರ್ವಜನಿಕವಾಗಲಾರದು.

ನಮ್ಮ ಸೀಮೆಯವರಿಗೆ ನಿಶ್ಚಿತ ದರದ ಮೊದಲ ಪರಿಚಯವನ್ನು ಮಾಡಿಸಿದುದು ರೈಲು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುಮಾರ್ಗ ಬಂತು. ಅದು ಆನಂದಪುರ, ಸಾಗರಗಳನ್ನು ದಾಟಿ 1940ರ ವೇಳೆಗೆ ತಾಳಗುಪ್ಪವನ್ನು ಮುಟ್ಟಿತು. ರಟ್ಟಿನ ಪುಟ್ಟ ಚೀಟಿಯ ಮೇಲೆ ಹೊರಡುವ ಊರು, ತಲುಪುವ ಊರು, ದರ್ಜೆ, ದರಗಳು ಅಚ್ಚಾಗಿರುತ್ತಿದ್ದುವು. ಶಾನುಭೋಗರಿಗೂ ಕೂಲಿಯವನಿಗೂ ಮೂರನೆಯ ದರ್ಜೆಯ ದರ ಒಂದೇ, ಮಳೆಗಾಲಕ್ಕೂ ಬೇಸಗೆಗೂ ಒಂದೇ. ಆದರೆ ಆ ಮಾರ್ಗವು ಶಿಕಾರಿಪುರವನ್ನೂ ಸೊರಬವನ್ನೂ ಬದಿಗೆ ಬಿಟ್ಟು ಸಾಗಿತು. ಹೀಗಾಗಿ ಈ ಎರಡು ತಾಲ್ಲೂಕುಗಳು ಎತ್ತಿನ ಗಾಡಿಯಿಂದ ನೇರವಾಗಿ ಮೋಟಾರಿಗೆ ದಾಟಿದುವು; ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೇಬೆನ್ನೂರಿಗೆ ಹೋಗಬೇಕಾದ ರೈಲುಮಾರ್ಗದ ಕೆಲಸವು ನಡೆದುದು ನಮ್ಮ ಕಾಲದಲ್ಲಿ.

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಖಾಸಗಿ ಬಸ್ಸುಗಳು ಮಲೆನಾಡಿನ ರಸ್ತೆಗಳಲ್ಲಿ ಕಾಣಿಸಿಕೊಂಡುವು. ಒಬ್ಬ ಮಾಲಿಕನು ಒಂದೆರಡು ಬಸ್ಸುಗಳನ್ನಿಟ್ಟುಕೊಂಡು ನಡೆಸುತ್ತಿದ್ದ ಕಸುಬು ಅದು. ಬಸ್ಸು ತುಂಬಿದ ಹೊರತು ಹೊರಡದೆಂಬುದು ವೇಳಾಪಟ್ಟಿ, ತುಂಬಿದ ಮೇಲೂ ಇನ್ನಿಬ್ಬರಿಗೆ ಜಾಗವಿರುವುದೆಂಬುದು ನಿಯಮ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾಗಲು, ಬಸ್ಸಿನ ಹಿಂದೆ ಇದ್ದಿಲಿನ ಕುಲುಮೆಯನ್ನು ಕಟ್ಟಿ, ಅದರ ಅನಿಲದಿಂದ ಎಂಜಿನನ್ನು ಓಡಿಸುವ ಏರ್ಪಾಡು ಬಂತು. ಹೊರಡುವ ಮುನ್ನ ಕ್ಲೀನರು ಬೀಸಣಿಗೆಯ ಚಕ್ರವನ್ನು ತಿರುಗಿಸುತ್ತ ಕುಲುಮೆಯನ್ನು ಹೊತ್ತಿಸಬೇಕು, ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು. ಹಾಗಿದ್ದರೂ ಇಡೀ ಗಾಡಿಯ ಬಾಡಿಗೆಯನ್ನು ಎಂದೂ ಕೊಡಲಾರದವನು ಒಂದು ಆಸನದ ಕಾಸನ್ನು ಕೊಟ್ಟು ಜಿಲ್ಲೆಯ ಕೇಂದ್ರವನ್ನು ಒಂದೇ ದಿನದಲ್ಲಿ ಕಂಡುಬರಲು ಸಾಧ್ಯವಾದುದು ಈ ಬಸ್ಸುಗಳಿಂದಲೇ.

ಅದೇ ಯುದ್ಧದ ವರ್ಷಗಳಲ್ಲಿ, 1942ರ ಸೆಪ್ಟೆಂಬರಿನಲ್ಲಿ, ಈಸೂರು ತನ್ನನ್ನು ತಾನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜ ಏರಿತು; ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕ ಊರ ಬಾಗಿಲಿಗೆ ಬಂತು; ಕಂದಾಯದ ಲೆಕ್ಕದ ಪುಸ್ತಕಗಳನ್ನು ಊರವರು ಕಿತ್ತುಕೊಂಡರು; ಇನ್ನೂ ಮೀಸೆ ಮೂಡದ ಹುಡುಗರು ಅಮಲ್ದಾರನೂ ಸಬ್‌ಇನ್‌ಸ್ಪೆಕ್ಟರನೂ ಆಗಿ ನೇಮಕಗೊಂಡರು. 28ರಂದು ಪೊಲೀಸರೊಡನೆ ಬಂದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಘರ್ಷಣೆಯಲ್ಲಿ ಸಾವಿಗೀಡಾದರು. ಬಳಿಕ ಸೈನ್ಯವು ಊರನ್ನು ಹೊಕ್ಕಿತು, ಜನ ಕಾಡುಪಾಲಾದರು. 1943ರ ಮಾರ್ಚಿನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆಯನ್ನು ನಾಡು ಇಂದಿಗೂ ನೆನೆಯುತ್ತದೆ. ಅಂದು ಆದ ಪ್ರಾಣಹಾನಿಯನ್ನು ಎರಡೂ ಕಡೆಯವರ ದುಃಖವೆಂದು ನೆನೆಯತಕ್ಕದ್ದೇ ಸರಿ. ಆದರೆ ಆ ಹಟದ ಹಿಂದಿದ್ದ ತತ್ತ್ವ ಸ್ಪಷ್ಟವಾದುದು: ನಮ್ಮಿಂದ ತೆಗೆದುಕೊಳ್ಳುವವರು ನಮಗೆ ಉತ್ತರ ಹೇಳುವವರಾಗಿರಬೇಕು.

ಆ ತತ್ತ್ವದ ಫಲಗಳಲ್ಲಿ ಒಂದನ್ನು ಸಾರಿಗೆಯಲ್ಲಿ ಕಾಣಬಹುದು. ಸ್ವಾತಂತ್ರ್ಯ ಬಂದು ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾದ ಒಂದು ವರ್ಷದೊಳಗೆ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕೆಲಸವನ್ನಾರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವೆನಿಸಿತು. ಅಂದಿನಿಂದ ಬಸ್ಸಿನ ದರವು ಶಾಸನಸಭೆಯಲ್ಲಿ ಪ್ರಶ್ನೆಯಾಗಬಲ್ಲ, ಬೀದಿಯಲ್ಲಿ ಪ್ರತಿಭಟನೆಯಾಗಬಲ್ಲ, ಚುನಾವಣೆಯಲ್ಲಿ ವಾಗ್ದಾನವಾಗಬಲ್ಲ ವಿಷಯವಾಯಿತು.

ತೆಗೆದುಕೊಳ್ಳುವವನು ಕೊಡುವವನಿಗೆ ಉತ್ತರ ಹೇಳಬೇಕಾದ ಈ ಸಂಬಂಧವು ಬಸ್ಸಿನ ಟಿಕೆಟ್ಟಿನಲ್ಲಿ ಕಣ್ಣಿಗೆ ಕಾಣುವಂತಿತ್ತು. ಎಲೆಕ್ಟ್ರಾನಿಕ್ ಯಂತ್ರ ಬರುವ ಮೊದಲು, ಕಂಡಕ್ಟರನ ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ಟುಗಳ ಕಟ್ಟುಗಳು, ಬೆರಳಿಗೆ ಸಿಕ್ಕಿಸಿಕೊಂಡ ತೂತು ಹೊಡೆಯುವ ಕತ್ತರಿ, ಹೆಗಲಿನಲ್ಲಿ ಚರ್ಮದ ಚೀಲ. ಟಿಕೆಟ್ಟಿನ ಅಂಚಿನಲ್ಲಿ ಸ್ಟೇಜುಗಳ ಅಂಕಿಗಳು. ಹತ್ತಿದ ಸ್ಟೇಜಿಗೆ ಸರಿಯಾಗಿ ಅವನು ತೂತು ಹೊಡೆಯುವನು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ಟಿನ ಬೆನ್ನಿನ ಮೇಲೆ ಬರೆದುಕೊಡುವನು. ಇಳಿಯುವ ಮುನ್ನ ಆ ಚೀಟಿಯನ್ನು ತೋರಿಸಿದರೆ ನಾಲ್ಕಾಣೆಯಾದರೂ ಸರಿ, ಹಿಂದಕ್ಕೆ ಬರಬೇಕು. ಚೆಕಿಂಗಿನವರು ಹತ್ತಿದರೆ ಪ್ರಯಾಣಿಕನೂ ಕಂಡಕ್ಟರನೂ ಇಬ್ಬರೂ ಅದೇ ಕಾಗದಕ್ಕೆ ಉತ್ತರ ಹೇಳಬೇಕು. ಎಷ್ಟು ದೂರ, ಎಷ್ಟು ಹಣ, ಯಾರಿಗೆ ಯಾರು ಬಾಕಿ ಎಂಬ ಮೂರೂ ಒಂದು ಬೆರಳಗಲದ ಕಾಗದದ ಮೇಲೆ ಓದು ಬಂದವನಿಗೆಲ್ಲ ತೆರೆದಿರುತ್ತಿದ್ದುವು.

ಕಾನೂನು ಕೂಡ ಎರಡು ರೂಢಿಗಳನ್ನೂ ಬೇರೆಬೇರೆಯಾಗಿಯೇ ಕಂಡಿದೆ. 1939ರ ಮೋಟಾರು ವಾಹನಗಳ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 1988ರ ಕಾಯಿದೆಯೂ, ಪ್ರತಿಯೊಬ್ಬನಿಂದ ಪ್ರತ್ಯೇಕ ದರ ಪಡೆದು ಹಂತಹಂತಕ್ಕೂ ಜನರನ್ನು ಹತ್ತಿಸಿ ಇಳಿಸುವ ವಾಹನಕ್ಕೆ ಒಂದು ಬಗೆಯ ಪರವಾನಗಿಯನ್ನೂ, ಒಟ್ಟಾಗಿ ಕರಾರಿನ ಮೇಲೆ ಬಾಡಿಗೆಗೆ ಹೋಗುವ ವಾಹನಕ್ಕೆ ಮತ್ತೊಂದು ಬಗೆಯ ಪರವಾನಗಿಯನ್ನೂ ವಿಧಿಸುತ್ತವೆ. ಬ್ರಿಟಿಷ್ ಇಂಡಿಯಾದಲ್ಲಿ ಬಾಡಿಗೆಯ ಕುದುರೆಗಾಡಿಗಳ ದರವನ್ನು ಕಟ್ಟುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟ ಕಾಯಿದೆಯು 1879ರಷ್ಟು ಹಿಂದಿನದು. ಬಾಡಿಗೆಯ ಗಾಡಿಯನ್ನು ನಿಷೇಧಿಸಬೇಕೆಂದು ವಿವೇಕಿಗಳಾರೂ ಹೇಳಿದುದಿಲ್ಲ. ಅದರ ದರವು ಗುಟ್ಟಾಗಿರಕೂಡದೆಂದು ಮಾತ್ರ ಹೇಳಿದರು.

ಈಗ ಬೆಂಗಳೂರಿಗೆ ಬರೋಣ. ಈ ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ಇಂದು ದುಡಿಯುತ್ತಿರುವುದು ಅಲ್ಲಿಯೇ. ಆ ನಗರದಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು ಬಸ್ಸು ಓಡಿಸತೊಡಗಿತು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ಬಿ.ಟಿ.ಎಸ್. ಆಯಿತು, 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಪ್ರತ್ಯೇಕವಾಗಿ ಹುಟ್ಟಿತು, 2011ರಲ್ಲಿ ಮೆಟ್ರೋ ಬಂತು. ಬಾಡಿಗೆಯ ಕಡೆಯಲ್ಲಿ ಜಟಕಾ ಹೋಗಿ ಆಟೋ ಬಂತು. ಆಟೋಗೆ ಮೀಟರು ಬಂತು. 2013ರಲ್ಲಿ ಊಬರ್ ಭಾರತದಲ್ಲಿ ತನ್ನ ಸೇವೆಯನ್ನು ತೊಡಗಿದುದು ಬೆಂಗಳೂರಿನಲ್ಲಿಯೇ; ಓಲಾ ಕಂಪನಿಯು ತನ್ನ ಕೇಂದ್ರವನ್ನು ಮಾಡಿಕೊಂಡುದೂ ಅಲ್ಲಿಯೇ. ಮನೆಯ ಬಾಗಿಲಿಗೆ ಕಾರು ಬರುವ ಅನುಕೂಲವೂ, ಮೊದಮೊದಲು ಕಂಪನಿಗಳು ತಮ್ಮ ಬಂಡವಾಳವನ್ನು ಸುರಿದು ಕೊಟ್ಟ ಅಗ್ಗದ ದರವೂ ಜನರನ್ನು ಒಲಿಸಿಕೊಂಡುವು. ಜನ ಒಗ್ಗಿಕೊಂಡ ಬಳಿಕ ರಿಯಾಯಿತಿ ಇಳಿಯಿತು, ಮಳೆಯ ಸಂಜೆಯಲ್ಲಿ ದರ ಏರತೊಡಗಿತು.

ಕರ್ನಾಟಕ ಸರ್ಕಾರವು 2016ರಲ್ಲಿಯೇ ಇಂಥ ಕಂಪನಿಗಳಿಗಾಗಿ ನಿಯಮಗಳನ್ನು ಮಾಡಿತು. ಆದರೂ 2022ರ ಅಕ್ಟೋಬರಿನಲ್ಲಿ, ಆಟೋಗೆ ಸರ್ಕಾರವು ಗೊತ್ತುಮಾಡಿದ ಕನಿಷ್ಠ ದರ 30 ರೂಪಾಯಿ ಇರುವಾಗ ಮೊಬೈಲಿನಲ್ಲಿ 100 ರೂಪಾಯಿ ಕೇಳುತ್ತಿದ್ದಾರೆಂಬ ದೂರುಗಳೆದ್ದು, ಸಾರಿಗೆ ಇಲಾಖೆಯು ಕಂಪನಿಗಳ ಆಟೋ ಸೇವೆಯನ್ನು ನಿಲ್ಲಿಸಲು ಆದೇಶಿಸಬೇಕಾಯಿತು. ವಿಷಯವು ಹೈಕೋರ್ಟಿಗೆ ಹೋಯಿತು. ಸರ್ಕಾರಿ ದರದ ಮೇಲೆ ನೂರಕ್ಕೆ 5ರಷ್ಟು ಸೇವಾಶುಲ್ಕವನ್ನೂ ಅದರ ತೆರಿಗೆಯನ್ನೂ ಪಡೆಯಬಹುದೆಂದು ಬಳಿಕ ಗೊತ್ತಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಚಾಲಕನ ದುಡಿಮೆಯಿಂದ ದಲ್ಲಾಳಿ ಹಣವನ್ನು ಕತ್ತರಿಸಿಕೊಳ್ಳದ ನಮ್ಮ ಯಾತ್ರಿ ಎಂಬ ವ್ಯವಸ್ಥೆಯು ಆಟೋ ಚಾಲಕರ ಬೆಂಬಲದಿಂದ ಕಾಲಿಟ್ಟಿತು. 2024ರ ಫೆಬ್ರವರಿಯಲ್ಲಿ ಟ್ಯಾಕ್ಸಿಗಳಿಗೆ, ಅವು ಕಂಪನಿಯ ಮೂಲಕ ಬರಲಿ ಬೇರೆಯಾಗಿ ಬರಲಿ, ಏಕರೂಪದ ದರವನ್ನು ಸರ್ಕಾರ ವಿಧಿಸಿತು: 10 ಲಕ್ಷ ರೂಪಾಯಿಯವರೆಗಿನ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. 2025ರ ಆಗಸ್ಟಿನಿಂದ ಬೆಂಗಳೂರಿನ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18.

ಸಾರ್ವಜನಿಕ ಸಾರಿಗೆಯ ದರವೂ ಏರಿದೆ. 2025ರ ಜನವರಿಯಲ್ಲಿ ಬಸ್ಸಿನ ದರ ನೂರಕ್ಕೆ 15ರಷ್ಟು ಹೆಚ್ಚಿ, ನಗರದ ಸಾಮಾನ್ಯ ಬಸ್ಸಿನ ಕನಿಷ್ಠ ದರ 6 ರೂಪಾಯಿಯೂ, ದಿನದ ಪಾಸು 80 ರೂಪಾಯಿಯೂ, ತಿಂಗಳ ಪಾಸು 1,200 ರೂಪಾಯಿಯೂ ಆಯಿತು. ಮೆಟ್ರೋದ ಗರಿಷ್ಠ ದರ ಫೆಬ್ರವರಿಯಲ್ಲಿ 60ರಿಂದ 90ಕ್ಕೆ ಏರಿತು. ಈ ದರಗಳಿಂದಲೇ ಲೆಕ್ಕ ಹಾಕಿದರೆ, ಹತ್ತು ಕಿಲೋಮೀಟರಿನ ಪ್ರಯಾಣಕ್ಕೆ ಆಟೋ 180 ರೂಪಾಯಿ, ಕಾರು 244 ರೂಪಾಯಿ. ಕಾರಿನಲ್ಲಿ ಮೊದಲ ನಾಲ್ಕು ಕಿಲೋಮೀಟರು ಹೋಗುವ ಹಣದಲ್ಲಿ ದಿನವಿಡೀ ಬಸ್ಸಿನಲ್ಲಿ ಓಡಾಡಿ 20 ರೂಪಾಯಿ ಉಳಿಸಬಹುದು. ಹತ್ತು ಕಿಲೋಮೀಟರಿನ ಐದು ಕಾರುಪ್ರಯಾಣಗಳ ಹಣ ತಿಂಗಳ ಪಾಸಿನ ಬೆಲೆಯನ್ನು ಮೀರುತ್ತದೆ. ಶಿಕಾರಿಪುರದಿಂದ ಶಿವಮೊಗ್ಗದವರೆಗಿನ ಸುಮಾರು 50 ಕಿಲೋಮೀಟರಿಗೆ ಇದೇ ಟ್ಯಾಕ್ಸಿ ದರವನ್ನು ಹಚ್ಚಿದರೆ ಒಂದು ದಿಕ್ಕಿಗೆ 1,204 ರೂಪಾಯಿಯಾಗುತ್ತದೆ. ಹಳ್ಳಿಗಳ ಕಡೆ ಕಾರು ಬರಿದಾಗಿ ಹಿಂತಿರುಗುವುದರಿಂದ ಎರಡೂ ದಿಕ್ಕಿನ ಬಾಡಿಗೆ ಕೊಡುವ ಎತ್ತಿನ ಗಾಡಿಯ ಕಾಲದ ಪದ್ಧತಿ ಇಂದಿಗೂ ತಪ್ಪಿಲ್ಲ. ಬಸ್ಸಿನ ದರವು ಆ ಒಂದು ದಿಕ್ಕಿನ ಬಾಡಿಗೆಯ ಹತ್ತರಲ್ಲೊಂದು ಪಾಲಿಗೂ ಕಡಮೆ.

ಇಷ್ಟರಿಂದ ಬಾಡಿಗೆಯ ಗಾಡಿ ಅನಾವಶ್ಯಕವೆಂದು ತೀರ್ಮಾನಿಸುವುದು ಅವಿಚಾರ. ಮೂವರು ಕೂಡಿ ಹೋದರೆ ಆಟೋದ 180 ರೂಪಾಯಿ ತಲೆಗೆ 60 ಆಗುತ್ತದೆ. ನಡುರಾತ್ರಿಯ ಹೆರಿಗೆಗೆ, ಕಾಲು ಮುರಿದ ಮುದುಕರಿಗೆ, ಬಸ್ಸು ಹೋಗದ ಬಡಾವಣೆಗೆ ಅದು ಅನುಗ್ರಹವೇ ಸರಿ. ಸಾಲ ಮಾಡಿ ಕಾರು ಕೊಂಡ ಚಾಲಕನೂ ನಮ್ಮ ಹಳ್ಳಿಗಳಿಂದ ಹೋದವನೇ. ಆದರೆ ಕಂಪನಿಯ ಮೂಲಕ ಪ್ರಯಾಣಿಕನು ಕೊಟ್ಟ ಹಣದಲ್ಲಿ ಚಾಲಕನಿಗೆ ಎಷ್ಟು ಸೇರಿತೆಂಬುದು ಪ್ರಯಾಣಿಕನಿಗೆ ತಿಳಿಯದು, ಪ್ರಯಾಣಿಕನಿಂದ ಎಷ್ಟು ವಸೂಲಾಯಿತೆಂಬುದು ಎಷ್ಟೋ ವೇಳೆ ಅವನಿಗೂ ತಿಳಿಯದು. ಒಂದೇ ದಾರಿ, ಒಂದೇ ದೂರ, ಒಂದೇ ಕಾರು. ಹೊತ್ತು ಬದಲಾದರೆ ಹಣ ಬೇರೆ, ಆ ಬದಲಾವಣೆಯ ಸೂತ್ರ ಯಾರ ಕಣ್ಣಿಗೂ ಬೀಳದ ಕಡೆ ಇದೆ. ಕಾಗೋಡಿನವರು ಸಿಡಿದೆದ್ದುದು ಇಂಥದಕ್ಕೇ: ಕೊಡುವವನು ಪರೀಕ್ಷಿಸಲಾಗದ ಕೊಳಗಕ್ಕೆ. ಎತ್ತಿನ ಗಾಡಿಯವನ ಚೌಕಾಸಿಯಲ್ಲಿ ಮುಖವಿತ್ತು, ಮೀಟರಿನಲ್ಲಿ ಮುದ್ರೆಯಿತ್ತು, ಬಸ್ಸಿನಲ್ಲಿ ದರಪಟ್ಟಿಯಿತ್ತು. ಮೊಬೈಲಿನ ಬಾಡಿಗೆಯಲ್ಲಿ ಈ ಮೂರೂ ಇಲ್ಲ. ಬಾಡಿಗೆ ಹೆಚ್ಚೆಂಬುದಕ್ಕಿಂತಲೂ ದೊಡ್ಡ ದೋಷ ಇದೆಂದು ನನ್ನ ಅಭಿಪ್ರಾಯ.

ಇನ್ನು ಬಸ್ಸಿನ ದೋಷವನ್ನೂ ಹೇಳದಿದ್ದರೆ ನ್ಯಾಯವಾಗದು. ಅಗ್ಗದ ಬಸ್ಸು ಬಾರದೆ ಹೋದರೆ ಅದರ ಅಗ್ಗದಿಂದ ಫಲವೇನು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ದಾರಿಯ ಭಾರದಲ್ಲಿ ಸಮಾಜವು ಪಾಲು ಹೊರಬೇಕೆಂಬ ಹಳೆಯ ಧರ್ಮಕ್ಕೆ ಇದು ಹೊಸ ಕಾಲದ ಅಂಗೀಕಾರ. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುವು ಖಾಸಗಿ ಬಸ್ಸುಗಳು. ಅಲ್ಲಿ ಆ ಸೌಲಭ್ಯವಿಲ್ಲ. ಸರ್ಕಾರಿ ಬಸ್ಸು ಕಾಣದ ಹಳ್ಳಿಯ ಹೆಣ್ಣುಮಗಳಿಗೆ ಈ ಯೋಜನೆಯು ಪತ್ರಿಕೆಯ ಸುದ್ದಿ ಮಾತ್ರ. ಇದೇ ಮಲೆನಾಡಿನ ಕೊಪ್ಪದಲ್ಲಿ, ಖಾಸಗಿ ಸಂಸ್ಥೆಯೊಂದು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರೇ ಕೂಡಿ 1991ರಲ್ಲಿ ಸಹಕಾರ ಸಾರಿಗೆಯೆಂಬ ಸಂಘವನ್ನು ಕಟ್ಟಿ, ಕಾಡುದಾರಿಯ ಹಳ್ಳಿಗಳಿಗೂ ಬಸ್ಸು ಓಡಿಸಿ, ಸುಮಾರು ಮೂರು ದಶಕಗಳ ಕಾಲ ದೇಶಕ್ಕೇ ಮಾದರಿಯೆನಿಸಿದರು. ನಷ್ಟವನ್ನು ತಾಳಲಾರದೆ 2020ರಲ್ಲಿ ಅದು ನಿಂತಿತು. ಸರ್ಕಾರಿ ನಿಗಮಕ್ಕೆ ಸಲ್ಲುವ ನೆರವಿನ ಒಂದಂಶವು ಅಂಥ ಸಂಘಕ್ಕೆ ಸಂದಿದ್ದರೆ ಆ ಹಳ್ಳಿಗಳು ಮತ್ತೆ ಬಾಡಿಗೆಯ ಜೀಪಿಗೆ ಕೈಯೊಡ್ಡಬೇಕಾಗುತ್ತಿರಲಿಲ್ಲ.

ಆದುದರಿಂದ ನಗರಕ್ಕೂ ಹಳ್ಳಿಗೂ ಸಲ್ಲುವ ನಿರ್ಣಯ ಒಂದೇ. ಬಾಡಿಗೆಯ ಗಾಡಿ ಇರಲಿ; ಆದರೆ ಅದರ ದರದ ಸೂತ್ರವೂ ಚಾಲಕನ ಪಾಲೂ ಪ್ರತಿ ರಸೀದಿಯ ಮೇಲೆ ಅಚ್ಚಾಗಲಿ. ಬಸ್ಸಿನ ದರ ಕಡಮೆಯಿರಲಿ. ಅದಕ್ಕಿಂತ ಮುಖ್ಯವಾಗಿ ಬಸ್ಸು ಇರಲಿ, ಹೇಳಿದ ಹೊತ್ತಿಗೆ ಬರಲಿ. ಬಸ್ಸಿಲ್ಲದ ಕಡೆ ಬಾಡಿಗೆಯವನು ಕೇಳಿದ್ದೇ ದರ; ಬಸ್ಸಿರುವ ಕಡೆ ಅವನೂ ತಾನಾಗಿಯೇ ನ್ಯಾಯಕ್ಕೆ ಇಳಿಯುತ್ತಾನೆ.

ಓದುಗರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಬಸ್ಸುಗಳ ಪರವಾನಗಿಯನ್ನೂ ವೇಳೆಯನ್ನೂ ನಿರ್ಧರಿಸುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ಪ್ರತಿ ಜಿಲ್ಲೆಯಲ್ಲಿಯೂ ಇದೆ, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಮೂರು ಸಂಗತಿಗಳನ್ನು ಬರೆಯಿಸಿ ಆ ಪ್ರಾಧಿಕಾರಕ್ಕೆ ಕಳುಹಿಸಿರಿ: ಊರಿಗೆ ಬೆಳಗಿನ ಮೊದಲ ಬಸ್ಸು ಯಾವಾಗ ಬೇಕು, ರಾತ್ರಿಯ ಕೊನೆಯ ಬಸ್ಸು ಯಾವಾಗ ಬೇಕು, ದರಪಟ್ಟಿಯನ್ನು ಯಾವ ಗೋಡೆಯ ಮೇಲೆ ಹಚ್ಚಬೇಕು.